ಮೊಡವಿ ಜೆಲ್ ಬರದ ಕೊಟ್ಟಾರಂದ್ರ ಮೊದಲ ಇದನ್ನ ಓದ್ರಿ, ಆಮ್ಯಾಗ ಟ್ಯೂಬಿನ ಮುಚ್ಚಳ ತಗೀರಿ

ಹೋದ ವಾರ ವಿಜಯಪುರದಾಗ ಹಾಸ್ಟೆಲ್‌ನ್ಯಾಗ ಇರೋ ನಮ್ಮ ಮಾವಶಿ ಮಗಳು ಒಂದ ಟ್ಯೂಬಿನ ಫೋಟೋ ಕಳಿಸಿದ್ಲು. "ಅಕ್ಕಾ, ಡಾಕ್ಟರ್ ಇದನ್ನ ಬರದ ಕೊಟ್ಟಾರ, ರಾತ್ರಿ ಹಚ್ಗೋ ಅಂದ್ರು ಅಷ್ಟ, ಹೊರಗ ಭಾಳ ಮಂದಿ ಕುಂತಿದ್ರು, ನನಗೂ ಮುಂದ ಕೇಳಾಕ ಧೈರ್ಯ ಆಗ್ಲಿಲ್ಲ, ಎಷ್ಟ ಹಚ್ಚಬೇಕು, ಮೊಡವಿ ಇದ್ದಲ್ಲಿ ಅಷ್ಟ ಹಚ್ಚೋದೋ ಮಾರಿಗೆಲ್ಲಾ ಹಚ್ಚೋದೋ" ಅಂತ. ಟ್ಯೂಬಿನ ಮ್ಯಾಲ ಅಡಾಪಲೀನ್ ಜೆಲ್ 0.1 ಪರ್ಸೆಂಟ್ ಅಂತ ಇತ್ತು. ಇದ ಜೆಲ್ ನಾನೂ ಆರು ವರ್ಷದ ಹಿಂದ ಬಾಗಲಕೋಟಿಯೊಳಗ ಶುರು ಮಾಡಿದ್ದೆ, ಯಾರೂ ಸರಿಯಾಗಿ ಹೇಳಲಾರದಕ್ಕ ತಪ್ಪ ಹಚ್ಚಿ ಹದಿನೈದ ದಿನ ಮಾರಿ ಸುಟ್ಟಂಗ ಮಾಡ್ಕೊಂಡಿದ್ದೆ, ಆಮ್ಯಾಗ ಸರಿ ಹಚ್ಚೋದು ಕಲತ ಮ್ಯಾಲ ಅದ ಟ್ಯೂಬೇ ನನ್ನ ಮಾರಿ ತಿಳಿ ಮಾಡ್ತು. ಆಕಿಗೆ ಒಂದೊಂದ ವಾಯ್ಸ್ ಮೆಸೇಜ್ ಕಳಿಸೂದಕ್ಕಿಂತ ಎಲ್ಲಾ ಒಂದ ಕಡೆ ಬರದ್ರ ಇನ್ನೊಬ್ಬರಿಗೂ ಉಪಯೋಗ ಆಗತೈತಿ ಅಂತ ಬರೀತಾ ಇದೀನಿ. ನಾ ಡಾಕ್ಟರ್ ಅಲ್ಲ. ನಿಮ್ಮ ಚೀಟಿ ಮ್ಯಾಲ ಡಾಕ್ಟರ್ ಏನ ಬರದಾರೋ ಅದ ಮೊದಲು, ನಾ ಹೇಳೋದು ಅದರ ಹಿಂದ.

ಮೊದಲ ಟ್ಯೂಬಿನ ಮ್ಯಾಲ ಏನ ಬರದೈತಿ ನೋಡ್ರಿ

ಕಂಪನಿ ಹೆಸರ ದೊಡ್ಡದಾಗಿ ಇರತೈತಿ, ಅದನ್ನ ಬಿಡ್ರಿ, ಅದರ ಕೆಳಗ ಸಣ್ಣ ಅಕ್ಷರದಾಗ ಔಷಧದ ನಿಜವಾದ ಹೆಸರ ಇರತೈತಿ, ಅದನ್ನ ಓದ್ರಿ. ಓದಾಕ ಆಗ್ಲಿಲ್ಲಂದ್ರ ಮೊಬೈಲಿನ್ಯಾಗ ಫೋಟೋ ಹೊಡದು ದೊಡ್ಡದ ಮಾಡಿ ನೋಡ್ರಿ. ಮೊಡವಿಗೆ ಬರದ ಕೊಡೋ ಜೆಲ್‌ನ್ಯಾಗ ಹೆಚ್ಚಾಗಿ ಮೂರ ಥರದ್ದು ಇರತಾವ. ಒಂದು ಅಡಾಪಲೀನ್ ಇಲ್ಲಾ ಟ್ರೆಟಿನಾಯಿನ್, ಇವಕ್ಕ ರೆಟಿನಾಯ್ಡ್ ಅಂತಾರ, ರಂಧ್ರದಾಗ ಸತ್ತ ಚರ್ಮ ಗಟ್ಟಿ ಕುಂತು ಬಾಯಿ ಮುಚ್ಚೋದನ್ನ ತಡೀತಾವ. ಇನ್ನೊಂದು ಬೆಂಜಾಯಿಲ್ ಪೆರಾಕ್ಸೈಡ್, ಮೊಡವಿ ಒಳಗ ಬೆಳಿಯೋ ಬ್ಯಾಕ್ಟೀರಿಯಾನ ಕೊಲ್ಲತೈತಿ. ಮೂರನೇದು ಕ್ಲಿಂಡಾಮೈಸಿನ್, ಅದು ಆಂಟಿಬಯಾಟಿಕ್. ಒಮ್ಮೊಮ್ಮೆ ಎರಡು ಸೇರಿಸಿದ ಜೆಲ್ ಕೊಡ್ತಾರ, ಅಡಾಪಲೀನ್ ಜೊತಿ ಬೆಂಜಾಯಿಲ್ ಪೆರಾಕ್ಸೈಡ್, ಇಲ್ಲಾ ಕ್ಲಿಂಡಾಮೈಸಿನ್ ಜೊತಿ ಅಡಾಪಲೀನ್, ಹಿಂಗ. ನಿಮ್ಮ ಕೈಯಾಗ ಯಾವುದೈತಿ ಅಂತ ಗೊತ್ತಿಲ್ದ ಹಚ್ಚಬ್ಯಾಡ್ರಿ, ಯಾಕಂದ್ರ ಹಚ್ಚೋ ರೀತಿ, ಹೊತ್ತು, ಎಷ್ಟ ದಿನ ಅನ್ನೋದು ಒಂದೊಂದಕ್ಕ ಒಂದೊಂದು.

ಪರ್ಸೆಂಟೂ ನೋಡ್ರಿ. ಅಡಾಪಲೀನ್ 0.1 ಬರತೈತಿ, 0.3 ಬರತೈತಿ. ಚೀಟಿ ಮ್ಯಾಲ 0.1 ಬರದಿದ್ದು ಮೆಡಿಕಲ್ ಅಂಗಡಿಯಾಗ 0.3 ಕೊಟ್ರ "ಅದ ಐತ್ರಿ, ಪವರ್ ಜಾಸ್ತಿ ಅಷ್ಟ, ಲಗೂನ ಕಡಿಮಿ ಆಗತೈತಿ" ಅಂದ್ರೂ ತಗೋಬ್ಯಾಡ್ರಿ. ಶುರು ಮಾಡೋರಿಗೆ ಪವರ್ ಜಾಸ್ತಿ ಆದ್ರ ಉರೀನೂ ಜಾಸ್ತಿ. ಜನೌಷಧಿ ಕೇಂದ್ರದಾಗ ಇಲ್ಲಾ ಬ್ಯಾರೆ ಕಂಪನೀದು ಕಡಿಮಿ ರೇಟಿನ್ಯಾಗ ಸಿಕ್ರ ತಗೋಬಹುದು, ಔಷಧದ ಹೆಸರು ಮತ್ತ ಪರ್ಸೆಂಟ್ ಎರಡೂ ಚೀಟಿಗೆ ಹೊಂದಬೇಕು ಅಷ್ಟ.

ಈಗ ನನಗ ಭಾಳ ಹೊಟ್ಟಿ ಉರಿಯೋ ವಿಷಯ. ನಮ್ಮ ಕಡೆ ಮೊಡವಿಗೆ ಅಂತ ಚೀಟಿ ಇಲ್ದ ಕೊಡೋ ಎಷ್ಟೋ ಕ್ರೀಮಿನ್ಯಾಗ ಸ್ಟೀರಾಯ್ಡ್ ಇರತೈತಿ. ನಮ್ಮ ಅಣ್ಣನ ಮದವಿ ಇನ್ನ ಇಪ್ಪತ್ತ ದಿನ ಇತ್ತು, ಗದ್ದದ ಮ್ಯಾಲ ಎಂಟ ಹತ್ತ ಮೊಡವಿ, ನಾ ಮೆಡಿಕಲ್‌ಗೆ ಹೋಗಿ "ಮೊಡವಿಗೆ ಏನರ ಕೊಡ್ರಿ" ಅಂದೆ, ಅವರು ಒಂದ ಟ್ಯೂಬ್ ಕೊಟ್ರು, ಮೂರ ದಿನದಾಗ ಮಾರಿ ಹಾಲಿನಂಗ ತಿಳಿ ಆತು, ಕೆಂಪ ಹೋತು, ಮನ್ಯಾಗ ಎಲ್ಲಾರೂ ಏನ ಹಚ್ಚೀ ಅಂತ ಕೇಳಿದ್ರು, ನಮ್ಮ ಕಾಕುನೂ ತಮ್ಮ ಮಗಳಿಗೆ ಅದ ಟ್ಯೂಬ್ ತರಿಸಿದ್ರು. ಮದವಿ ಮುಗದು ಒಂದ ತಿಂಗಳಿಗೆ ಟ್ಯೂಬ್ ಖಾಲಿ ಆತು, ಬಿಟ್ಟೆ, ಬಿಟ್ಟ ನಾಕನೇ ದಿನಕ್ಕ ಮೊದಲಿನಕ್ಕಿಂತ ಎರಡ ಪಟ್ಟ ಮೊಡವಿ, ಗಲ್ಲ ಕೆಂಪಗ ಬಿಸಿ ಬಿಸಿ, ಬಿಸಲಿಗೆ ಹೋದ್ರ ಮುಳ್ಳ ಚುಚ್ಚಿದಂಗ. ಚರ್ಮದ ಡಾಕ್ಟರ್ ಆ ಖಾಲಿ ಟ್ಯೂಬ್ ನೋಡಿ ಒಳಗ ಮೊಮೆಟಾಸೋನ್ ಅನ್ನೋ ಸ್ಟೀರಾಯ್ಡ್ ಐತಿ, ಚರ್ಮದ ಬಣ್ಣ ತಿಳಿ ಮಾಡೋ ಹೈಡ್ರೋಕ್ವಿನೋನ್ ಐತಿ, ಟ್ರೆಟಿನಾಯಿನ್ ಐತಿ, ಇದು ಮೊಡವಿ ಔಷಧನ ಅಲ್ಲ ಅಂದ್ರು. ಸ್ಟೀರಾಯ್ಡ್ ಕೆಂಪ ಮತ್ತ ಬಾವು ಇಳಸತೈತಿ, ಹಂಗಾಗಿ ಮೊದಲ ಚಲೋ ಕಾಣತೈತಿ, ದಿನಾ ಹಚ್ಚಗೋತ ಹೋದ್ರ ಚರ್ಮ ತೆಳ್ಳಗ ಆಗತೈತಿ, ಸಣ್ಣ ಸಣ್ಣ ರಕ್ತನಾಳ ಹೊರಗ ಕಾಣತಾವ, ಹೆಣಮಕ್ಕಳ ಮಾರಿ ಮ್ಯಾಲ ಕೂದಲ ಬೆಳೀತಾವ, ಮತ್ತ ಮೊಡವಿನೂ ಅದರಿಂದನ ಬರತಾವ. 2018ರಾಗ ಕೇಂದ್ರ ಸರ್ಕಾರ ಇಂಥಾ ಸ್ಟೀರಾಯ್ಡ್ ಕ್ರೀಮ್‌ಗಳನ್ನ ಡಾಕ್ಟರ್ ಚೀಟಿ ಇಲ್ದ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸೈತಿ, ಆದ್ರೂ ಕೇಳಿದ್ರ ಕೊಡೋ ಅಂಗಡಿ ಇದ್ದ ಅದಾವ.

ಅದಕ್ಕ ಟ್ಯೂಬಿನ ಮ್ಯಾಲ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್ ಈ ಸ್ಟೀರಾಯ್ಡ್‌ಗಳಾಗ ಯಾವುದರ ಒಂದ ಹೆಸರ ಇದ್ರ, ಮತ್ತ ಅದನ್ನ ನಿಮಗ ಚರ್ಮದ ಡಾಕ್ಟರ್ ಇಷ್ಟ ದಿನಕ್ಕ ಅಂತ ಬರದ ಕೊಟ್ಟಿರಲಿಲ್ಲಂದ್ರ, ಮೊಡವಿಗೆ ಹಚ್ಚಬ್ಯಾಡ್ರಿ. ಈಗಾಗಲೇ ಒಂದ ಎರಡ ತಿಂಗಳಿಂದ ಹಚ್ಚಾಕತ್ತಿದ್ರ ಒಮ್ಮೆಲೆ ಬಿಟ್ಟು ಮನ್ಯಾಗ ಕುಂತು ಸಹಿಸಿಕೊಳ್ಳೋದೂ ಬ್ಯಾಡ, ಟ್ಯೂಬ್ ಕೈಯಾಗ ಹಿಡಕೊಂಡು ಚರ್ಮದ ಡಾಕ್ಟರ್ ಕಡೆ ಹೋಗ್ರಿ, ಹೆಂಗ ಬಿಡಿಸಬೇಕು ಅನ್ನೋದು ಅವರಿಗೆ ಗೊತ್ತಿರತೈತಿ. ಜಿಲ್ಲಾ ಆಸ್ಪತ್ರಿಯಾಗ, ಬೆಳಗಾವಿ ಬಿಮ್ಸ್‌ನಂಥಾ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಯಾಗ ಚರ್ಮದ ಓಪಿಡಿ ಇರತೈತಿ, ಭಾಳ ಖರ್ಚ ಇಲ್ದ ತೋರಿಸಬಹುದು, ಮುಂಜಾನಿ ಲಗೂ ಹೋಗಿ ಚೀಟಿ ಮಾಡಸ್ರಿ ಅಷ್ಟ.

ಹೇಳಲಾರದ ಬಿಡಬಾರದ ಮಾತು

ಡಾಕ್ಟರ್ ಕೇಳಲಿ ಬಿಡಲಿ, ನೀವ ಇವನ್ನ ಹೇಳ್ರಿ. ಬಸರಿದ್ರ, ಬಸರಾಗಬೇಕು ಅಂತ ನೋಡಾಕತ್ತಿದ್ರ, ಇಲ್ಲಾ ಕೂಸಿಗೆ ಹಾಲ ಕುಡಸಾಕತ್ತಿದ್ರ ಮೊದಲ ಅದನ್ನ ಹೇಳ್ರಿ. ಅಡಾಪಲೀನ್, ಟ್ರೆಟಿನಾಯಿನ್ ಬಸರಿದ್ದಾಗ ಹಚ್ಚಬಾರದು ಅಂತ ಹೇಳ್ತಾರ, ಹಚ್ಚಾಕತ್ತಿದ ಮ್ಯಾಲ ಬಸರಾದ್ರೂ ನಿಲ್ಲಿಸಿ ಡಾಕ್ಟರ್‌ಗೆ ಫೋನ್ ಮಾಡ್ರಿ, ಹೆದರಿ ಮುಚ್ಚಿಡಬ್ಯಾಡ್ರಿ. ಹೊಸದಾಗಿ ಮದವಿ ಆದ ಹುಡಿಗ್ಯಾರು ಅತ್ತಿ ಎದುರಿಗೆ ಹೇಳಾಕ ನಾಚ್ತಾರ, ಡಾಕ್ಟರ್ ಖೋಲಿಯಾಗ ಒಬ್ಬಾಕೆನ ಹೋಗಿ ಹೇಳ್ರಿ. ಮೊಡವಿ ಜೋಡಿ ಮುಟ್ಟು ತಿಂಗಳಿಗೆ ಸರಿ ಬರಲಾರದ್ದು, ಗದ್ದದ ಮ್ಯಾಲ ದಪ್ಪ ಕೂದಲ ಬರೋದು ಇದ್ರ ಅದನ್ನೂ ಹೇಳ್ರಿ, ಒಳಗ ಪಿಸಿಓಎಸ್ (ಹೆಣಮಕ್ಕಳ ಹಾರ್ಮೋನ್ ಏರುಪೇರಿನ ತೊಂದರಿ) ಇದ್ರ ಬರೇ ಜೆಲ್‌ಲೆ ಕೆಲಸ ಆಗೂದಿಲ್ಲ. ಕಜ್ಜಿ, ಎಕ್ಸಿಮಾ, ಮಾರಿ ಮ್ಯಾಲ ಗಾಯ, ಬಿಸಲಿಗೆ ಸುಟ್ಟ ಚರ್ಮ ಇದ್ರ, ಮೊದಲ ಯಾವುದರ ಮುಲಾಮಿಗೆ ಮಾರಿ ಬಾತಿದ್ರ, ಅದನ್ನೂ ಹೇಳ್ರಿ.

ಹಚ್ಚೋ ರೀತಿ (ಅಡಾಪಲೀನ್ ಇದ್ದೋರಿಗೆ)

ರಾತ್ರಿ ಊಟ ಮುಗದು, ಪಾತ್ರಿ ಪಗಡಿ ಆಗಿ, ಇನ್ನ ಮಲಗೋದಷ್ಟ ಐತಿ ಅನ್ನೋ ಹೊತ್ತಿಗೆ ಇದನ್ನ ಇಟ್ಕೊಳ್ರಿ. ಹಚ್ಚಗೊಂಡ ಮ್ಯಾಲ ಒಲಿ ಮುಂದ ಕುಂದರಬ್ಯಾಡ್ರಿ, ರೊಟ್ಟಿ ಬಡ್ಯಾಕ ಹೋಗಬ್ಯಾಡ್ರಿ, ಬೆವರಿನ ಜೋಡಿ ಜೆಲ್ ಹರದು ಕಣ್ಣಿಗೆ ಇಳೀತೈತಿ. ಮೊದಲ ಮಾರಿ ತೊಳ್ಕೊಳ್ರಿ, ಮೆತ್ತನ ಫೇಸ್‌ವಾಶ್ ಸಾಕು, ಉಗುರುಬೆಚ್ಚಗ ನೀರು, ಬೊಟ್ಟಿಲೇ ತೊಳೀರಿ, ಸ್ಕ್ರಬ್ ಬ್ಯಾಡ, ನಾರ ಬ್ಯಾಡ, ಬಟ್ಟಿ ತೊಳಿಯೋ ಕೈಲೆ ಸಿಕ್ಕಿದ್ದ ಸೋಪ್ ಬ್ಯಾಡ. ನಮ್ಮ ಕಡೆ ಬೋರಿನ ನೀರು ಗಡಸು, ಸೋಪ್ ನೊರಿ ಬರೂದಿಲ್ಲ ಅಂತ ಎರಡೆರಡ ಸರ್ತಿ ತಿಕ್ಕತಾರ, ಹಂಗ ತಿಕ್ಕಿದ ಮಾರಿಗೆ ಜೆಲ್ ಹಚ್ಚಿದ್ರ ಉರೀದ ಇರತೈತೇನು? ಟವೆಲ್‌ಲೆ ಒತ್ತಿ ಒರಸ್ರಿ, ಜಗ್ಗಿ ಎಳೀಬ್ಯಾಡ್ರಿ.

ಆಮ್ಯಾಗ ಕಾಯ್ರಿ. ಎಲ್ಲಾರೂ ತಪ್ಪೋದು ಇದರಾಗ. ಮಾರಿ ಪೂರಾ ಒಣಗಬೇಕು, ಇಪ್ಪತ್ತ ಮೂವತ್ತ ನಿಮಿಷ. ಹಸೀ ಚರ್ಮ ಔಷಧಾನ ಜಾಸ್ತಿ ಒಳಗ ಎಳ್ಕೋತೈತಿ, ಉರಿ ಜಾಸ್ತಿ ಆಗತೈತಿ. ನಾ ಆ ಹೊತ್ತಿನ್ಯಾಗ ಹಾಸಿಗಿ, ಮರುದಿನದ ಬುತ್ತಿ ಡಬ್ಬಿ, ಮೊಬೈಲ್ ಚಾರ್ಜ್ ಎಲ್ಲಾ ನೋಡ್ಕೋತೀನಿ, ಕಾಯೋದು ಗೊತ್ತಾಗೂದಿಲ್ಲ.

ಈಗ ಎಷ್ಟು. ವಟಾಣಿ ಕಾಳಿನಷ್ಟು. ಪೂರಾ ಮಾರಿಗೆ ಸೇರಿ ಒಂದ ವಟಾಣಿ ಕಾಳು, ಒಂದೊಂದ ಗಲ್ಲಕ್ಕ ಒಂದೊಂದಲ್ಲ. ತೋರಬೆರಳಿನ ತುದಿ ಮ್ಯಾಲ ಹಿಂಡಿಕೊಂಡು ಕನ್ನಡಿ ಮುಂದ ನಿಂತು ಹಣಿಗೆ ಒಂದ ಚುಕ್ಕಿ, ಎರಡ ಗಲ್ಲಕ್ಕ ಒಂದೊಂದ ಚುಕ್ಕಿ, ಗದ್ದಕ್ಕ ಒಂದ ಚುಕ್ಕಿ ಇಡ್ರಿ, ಕುಂಕುಮ ಇಡೋವಾಗ ಎಷ್ಟ ಮೆತ್ತಗ ಮುಟ್ತೀರೋ ಅಷ್ಟ ಮೆತ್ತಗ. ಆಮ್ಯಾಗ ಒಂದೊಂದ ಚುಕ್ಕಿನ ಸುತ್ತಲ ಸವರ್ರಿ, ತಿಕ್ಕಬ್ಯಾಡ್ರಿ. ಸವರಿದ ಮ್ಯಾಲ ಕನ್ನಡ್ಯಾಗ ಬಿಳೀ ಪದರ ಕಾಣಬಾರದು, ಕಂಡ್ರ ಜಾಸ್ತಿ ಆಗೈತಿ ಅಂತ ತಿಳೀರಿ. ನಾ ಮೊದಲನೇ ವಾರ ಬೊಟ್ಟಿನುದ್ದ ಹಿಂಡಿ ಫೇರ್‌ನೆಸ್ ಕ್ರೀಮ್ ಹಚ್ಚಿದಂಗ ಹಚ್ಚಿದ್ದೆ, ಜಾಸ್ತಿ ಹಚ್ಚಿದ್ರ ಲಗೂ ಹೋಗತಾವ ಅಂತ ತಿಳಕೊಂಡು. ಹಂಗ ಆಗೂದಿಲ್ರಿ. ಉರಿ ಅಷ್ಟ ಜಾಸ್ತಿ ಆಗತೈತಿ, ಗುಣ ಜಾಸ್ತಿ ಆಗೂದಿಲ್ಲ.

ಮೊಡವಿ ಮ್ಯಾಲ ಅಷ್ಟ ಚುಕ್ಕಿ ಇಟ್ಟ ಬಿಡೋದೂ ತಪ್ಪು. ಇದು ಇವತ್ತ ಕಾಣೋ ಮೊಡವಿನ ಒಣಗಸೋ ಔಷಧ ಅಲ್ಲ, ಚರ್ಮದ ಒಳಗ ಇನ್ನ ಕಣ್ಣಿಗೆ ಕಾಣಲಾರದಂಗ ತಯಾರಾಗಾಕತ್ತಿರೋದನ್ನ ತಡಿಯೋ ಔಷಧ, ಹಂಗಾಗಿ ಮೊಡವಿ ಏಳೋ ಜಾಗಾಕ್ಕೆಲ್ಲಾ ತೆಳ್ಳಗ ಹಚ್ಚಬೇಕು. ನಮ್ಮ ಹುಡುಗಿ ಕೇಳಿದ ಪ್ರಶ್ನಿಗೆ ಉತ್ತರ ಇದ.

ಬಿಡಬೇಕಾದ ಜಾಗಾ ಯಾವುವಂದ್ರ ಕಣ್ಣಿನ ಸುತ್ತ, ರೆಪ್ಪಿ, ತುಟಿ, ತುಟಿಯ ಎರಡೂ ಮೂಲಿ, ಮೂಗಿನ ಸಂದಿ, ಮೂಗಿನ ಒಳಗ. ಈ ಮೂಲಿಗಳಾಗ ಜೆಲ್ ಹೋಗಿ ಕುಂದರತೈತಿ, ಅಲ್ಲೇ ಮೊದಲ ಸೀಳತೈತಿ. ನನಗ ತುಟಿ ಮೂಲಿ ಎರಡೂ ಕಡೆ ಸೀಳಿತ್ತು, ಮಧ್ಯಾಹ್ನ ರೊಟ್ಟಿಗೆ ಕೆಂಪ ಖಾರ ಹಚ್ಗೊಂಡು ಬಾಯಿಗಿಟ್ರ ಕಣ್ಣಾಗ ನೀರು ಬಂದು ತಾಟ ಸರಿಸಿ ಎದ್ದಿದ್ದೆ, ಬಾಯಿ ದೊಡ್ಡದ ಮಾಡಿ ತುತ್ತ ಇಡಾಕ ಆಗ್ತಿರಲಿಲ್ಲ, ಅವ್ವ ನಾಕ ದಿನ ಹಾಲ ಅನ್ನ ಕಲಸಿ ಕೊಟ್ಲು. ಆಮ್ಯಾಗ ಡಾಕ್ಟರ್ ಹೇಳಿಕೊಟ್ಟ ಉಪಾಯ ಏನಂದ್ರ, ಜೆಲ್ ಹಚ್ಚೋಕಿಂತ ಮೊದಲ ತುಟಿ ಮೂಲಿಗೆ, ಮೂಗಿನ ಸಂದಿಗೆ, ಕಣ್ಣಿನ ಕೆಳಗ ಚೂರು ವ್ಯಾಸಲೀನ್ ಸವರಿಕೊಳ್ಳೋದು. ಇವತ್ತಿಗೂ ಹಂಗ ಮಾಡ್ತೀನಿ. ಜೆಲ್ ಹಚ್ಚಿದ ಹತ್ತ ನಿಮಿಷಕ್ಕ ಮ್ಯಾಲ ಸಾದಾ ಮಾಯಿಶ್ಚರೈಸರ್, ವಾಸನಿ ಇಲ್ದದ್ದು, ಹಚ್ಚಗೊಳ್ರಿ. ಚರ್ಮ ಭಾಳ ಸೂಕ್ಷ್ಮ ಇದ್ದೋರು ಮೊದಲ ಮಾಯಿಶ್ಚರೈಸರ್, ಮ್ಯಾಲ ಜೆಲ್, ಅದರ ಮ್ಯಾಲ ಮತ್ತ ಮಾಯಿಶ್ಚರೈಸರ್ ಹಚ್ಚಿದ್ರೂ ನಡೀತೈತಿ. ಮೊಡವಿ ಇದ್ದೋರು ಮಾಯಿಶ್ಚರೈಸರ್ ಹಚ್ಚಿದ್ರ ಎಣ್ಣಿ ಜಾಸ್ತಿ ಆಗತೈತಿ ಅಂತ ಬಿಡತಾರ, ಅದು ತಪ್ಪು, ಇದನ್ನ ಬಿಟ್ಟೋರ ಎರಡನೇ ವಾರಕ್ಕ ಉರಿ ತಾಳಲಾರದ ಜೆಲ್ಲನ್ನೂ ಬಿಡತಾರ. ಕೊನೀಗೆ ಕೈ ಸೋಪ್ ಹಚ್ಚಿ ತೊಳ್ಕೊಳ್ರಿ, ಮರತು ಕಣ್ಣ ತಿಕ್ಕಿದ್ರ ರಾತ್ರಿ ಪೂರಾ ನಿದ್ದಿ ಇಲ್ಲ. ಕಣ್ಣಿಗೆ ಹೋದ್ರ ಸುಮ್ನ ತಣ್ಣನ ನೀರ ಹಾಕಿ ಹಾಕಿ ತೊಳೀರಿ, ಉರಿ ನಿಲ್ಲಲಿಲ್ಲಂದ್ರ ತೋರಿಸ್ರಿ.

ಮೊದಲ ದಿನದಿಂದನ ದಿನಾ ಹಚ್ಚಬ್ಯಾಡ್ರಿ, ಡಾಕ್ಟರ್ ದಿನಾ ಅಂತನ ಬರದಿದ್ರೂ "ಒಂದ ದಿನ ಬಿಟ್ಟ ಒಂದ ದಿನ ಶುರು ಮಾಡ್ಲೇನ್ರಿ" ಅಂತ ಕೇಳ್ರಿ, ಹೆಚ್ಚಿನೋರು ಹೂಂ ಅಂತಾರ. ಎರಡ ವಾರ ಸೋಮವಾರ, ಬುಧವಾರ, ಶುಕ್ರವಾರ ಹಿಂಗ ಇಟ್ಕೊಳ್ರಿ, ಚರ್ಮ ತಾಳಿದ್ರ ಆಮ್ಯಾಗ ದಿನಾ. ಒಂದ ರಾತ್ರಿ ಮರತ್ರ ಮರತಂಗ ಬಿಡ್ರಿ, ಮರುದಿನ ಡಬಲ್ ಹಚ್ಚಿ ಸರಿ ಮಾಡಾಕ ಹೋಗಬ್ಯಾಡ್ರಿ.

ಮೊದಲ ಒಂದ ತಿಂಗಳು ಏನ ಆಗತೈತಿ

ಚರ್ಮ ಒಣಗತೈತಿ, ಜಗ್ಗಿದಂಗ ಆಗತೈತಿ, ಹಣಿ ಮ್ಯಾಲ ಗದ್ದದ ಮ್ಯಾಲ ಸಣ್ಣ ಹೊಟ್ಟ ಉದರತೈತಿ, ಚೂರು ಕೆಂಪು, ಚೂರು ಉರಿ. ಮೊದಲ ಎರಡ ವಾರದಿಂದ ನಾಕ ವಾರದ ತನಕ ಇದು ಹೆಚ್ಚು, ಆಮ್ಯಾಗ ಚರ್ಮ ಒಗ್ಗತೈತಿ. ಆ ಹೊಟ್ಟನ್ನ ಉಗರಿಲೆ ಎಳಿಯೋದು ಬ್ಯಾಡ, ನಮ್ಮ ಕಂದ ಬಣ್ಣದ ಚರ್ಮಕ್ಕ ಸಣ್ಣ ಗಾಯ ಆದ್ರೂ ತಿಂಗಳಗಟ್ಟಲೆ ಕರೀ ಕಲೆ ಉಳೀತೈತಿ, ಮೊಡವಿ ಚಿವುಟಬ್ಯಾಡ್ರಿ ಅನ್ನೋದೂ ಅದಕ್ಕ.

ಕೆಲವರಿಗೆ ಎರಡನೇ ಮೂರನೇ ವಾರಕ್ಕ ಮೊಡವಿ ಕಡಿಮಿ ಆಗೋ ಬದಲಿ ಜಾಸ್ತಿ ಆಗತಾವ. ಒಳಗ ಇದ್ದದ್ದು ಲಗೂ ಹೊರಗ ಬರೋದು. ಈ ಹೊತ್ತಿಗೆ ಮನ್ಯಾಗ ಎಲ್ಲಾರೂ "ಬಿಟ್ಟ ಬಿಡವಾ ಅದನ್ನ, ನಿನಗ ಹೊಂದವಲ್ದು" ಅಂತಾರ, ನೀವೂ ಕನ್ನಡಿ ನೋಡಿ ಅತ್ತ ಬಿಡತೀರಿ. ನಾನೂ ಅತ್ತೀನಿ. ಆದ್ರ ಉರಿ ತಾಳೋವಷ್ಟಿದ್ರ ಬಿಡಬ್ಯಾಡ್ರಿ. ಫರಕ ಕಾಣಾಕ ಎಂಟರಿಂದ ಹನ್ನೆರಡ ವಾರ ಬೇಕು, ಅಂದ್ರ ಯುಗಾದಿಗೆ ಶುರು ಮಾಡಿದ್ರ ಕಾರಹುಣ್ಣಿವಿ ಹೊತ್ತಿಗೆ ಕನ್ನಡ್ಯಾಗ ಫರಕ ಹುಡಕಬೇಕು, ಅದಕ್ಕಿಂತ ಮೊದಲ ಅಲ್ಲ. ಪ್ರತೀ ಐತವಾರ ಒಂದ ಕಿಟಕಿ ಮುಂದ ಒಂದ ಹೊತ್ತಿನ್ಯಾಗ ಫೋಟೋ ಹೊಡದ ಇಡ್ರಿ, ದಿನಾ ನೋಡೋ ಕಣ್ಣಿಗೆ ಗೊತ್ತಾಗೂದಿಲ್ಲ, ಫೋಟೋದಾಗ ಗೊತ್ತಾಗತೈತಿ, ಡಾಕ್ಟರ್‌ಗೂ ತೋರಿಸಾಕ ಬರತೈತಿ. ಮದವಿ ಗೊತ್ತಾದ ಹುಡಿಗ್ಯಾರು, ಹುಡುಗರು ಇದನ್ನ ಲೆಕ್ಕದಾಗ ಇಟ್ಕೊಂಡು ಮೂರ ತಿಂಗಳ ಮೊದಲ ಶುರು ಮಾಡ್ರಿ, ಅಕ್ಕಿಕಾಳಿಗೆ ಹದಿನೈದ ದಿನ ಇರೋವಾಗ ಶುರು ಮಾಡಿದ್ರ ಹೊಟ್ಟ ಉದರೋ ಮಾರಿ ಮ್ಯಾಲ ಅರಿಶಿಣ ಹಚ್ಚಗೋಬೇಕಾಗತೈತಿ.

ಉರಿ ಜಾಸ್ತಿ ಆದ್ರ ಎರಡ ಮೂರ ರಾತ್ರಿ ಜೆಲ್ ಬಿಡ್ರಿ, ಬರೇ ಮಾಯಿಶ್ಚರೈಸರ್ ಹಚ್ಚಿ ಚರ್ಮ ಶಾಂತ ಆದ ಮ್ಯಾಲ ವಾರಕ್ಕ ಎರಡ ಸರ್ತಿಗೆ ಇಳಿಸಿ ಮತ್ತ ಶುರು ಮಾಡ್ರಿ. ಇಷ್ಟ ನಿಮ್ಮ ಕೈಯಾಗ ಐತಿ. ಆದ್ರ ಕಣ್ಣ ರೆಪ್ಪಿ ಬಾತ್ರ, ತುಟಿ ಬಾತ್ರ, ಮೈ ಮ್ಯಾಲ ದದ್ದು ಎದ್ರ, ಗಂಟಲ ಬಿಗದಂಗ ಆಗಿ ಉಸಿರಿಗೆ ತ್ರಾಸ ಆದ್ರ ಅದು ಅಲರ್ಜಿ, ಮುಂಜಾನಿ ತನಕ ಕಾಯಬ್ಯಾಡ್ರಿ, ಆಗಿಂದಾಗ ಹತ್ತರದ ದವಾಖಾನಿಗೆ ಹೋಗ್ರಿ. ಮಾರಿ ಮ್ಯಾಲ ಗುಳ್ಳಿ ಎದ್ದು ನೀರ ಸೋರಿದ್ರ, ಸುಟ್ಟಂಗ ಚರ್ಮ ಎದ್ರ ಜೆಲ್ ನಿಲ್ಲಿಸಿ ಡಾಕ್ಟರ್‌ಗೆ ತೋರಿಸ್ರಿ.

ಬಿಸಲು, ಹೋಳಿ, ಪಾರ್ಲರ್, ಕ್ಷೌರದ ಅಂಗಡಿ

ಈ ಜೆಲ್ ಹಚ್ಚಿದ ಚರ್ಮ ಬಿಸಲಿಗೆ ಲಗೂ ಕೆಂಪಾಗತೈತಿ, ನಮ್ಮ ಬ್ಯಾಸಗಿ ಅಂದ್ರ ಗೊತ್ತಲ್ಲ, ಏಪ್ರಿಲ್ ಮೇದಾಗ ವಿಜಯಪುರ ಬಾಗಲಕೋಟಿ ಎರಡೂ ಕಡೆ ನಲವತ್ತ ಡಿಗ್ರಿ ದಾಟತೈತಿ. ಮುಂಜಾನಿ ಎದ್ದ ಕೂಡ್ಲೆ ಮಾರಿ ತೊಳದು ಎಸ್‌ಪಿಎಫ್ 30 ಇಲ್ಲಾ ಅದಕ್ಕಿಂತ ಜಾಸ್ತಿ ಇರೋ ಸನ್‌ಸ್ಕ್ರೀನ್ ಹಚ್ಚಗೊಳ್ರಿ, ಇದನ್ನ ಮಾತ್ರ ವಟಾಣಿ ಕಾಳಿನಷ್ಟು ಅಲ್ಲ, ಎರಡ ಬೊಟ್ಟಿನುದ್ದ ಹಿಂಡಿ ಮಾರಿಗೆ ಕುತ್ತಿಗಿಗೆ ಹಚ್ಚಬೇಕು, ಹೊಲದಾಗ ಕೆಲಸ ಇದ್ರ, ಗಾಡಿ ಮ್ಯಾಲ ತಿರಗೋದಿದ್ರ ಎರಡ ತಾಸಿಗೊಮ್ಮೆ ಮತ್ತ ಹಚ್ಚಬೇಕು. ಅದು ತಗೊಳ್ಳಾಕ ರೊಕ್ಕ ಸಾಲಲಿಲ್ಲಂದ್ರ ಸೆರಗು, ಟೋಪಿ, ಛತ್ರಿ, ಹತ್ತಿ ಸ್ಕಾರ್ಫ್ ಇವೂ ಬಿಸಲ ತಡೀತಾವ, ಬರೇ ಸನ್‌ಸ್ಕ್ರೀನ್ ಹಚ್ಚಿ ಬಿಸಲಾಗ ನಿಲ್ಲೋದಕ್ಕಿಂತ ಅರಬಿ ಮುಚ್ಚಗೊಂಡು ನೆರಳಿಗೆ ನಿಲ್ಲೋದು ಚಲೋ. ಸ್ಕೂಟಿ ಮ್ಯಾಲ ಮಾರಿಗೆ ಸ್ಕಾರ್ಫ್ ಸುತ್ತಗೊಳ್ಳೋರು ಅದನ್ನ ದಿನಾ ಒಗೀರಿ, ನಿನ್ನಿನ ಬೆವರಿನ ಅರಬಿ ಇವತ್ತಿನ ಗಲ್ಲಕ್ಕ ತಿಕ್ಕಿದ್ರ ಅದರಿಂದನೂ ಗುಳ್ಳಿ ಏಳತಾವ.

ನಮ್ಮ ಬಾಗಲಕೋಟಿಯೋರಿಗೆ ಇನ್ನೊಂದು ಮಾತ ಹೇಳಲೇಬೇಕು. ಹೋಳಿ ನಮ್ಮಲ್ಲಿ ಒಂದ ದಿನಕ್ಕ ಮುಗಿಯೋದಲ್ಲ, ಹಲಗಿ ಸಪ್ಪಳ, ಬಂಡಿ ಮ್ಯಾಲ ಬ್ಯಾರಲ್ ಇಟ್ಕೊಂಡು ಬಣ್ಣ ಗೊಜ್ಜತಾರ, ಮನಿ ಮುಂದ ನಿಂತೋರನ್ನೂ ಬಿಡೂದಿಲ್ಲ. ರೆಟಿನಾಯ್ಡ್ ಹಚ್ಚಿದ ಚರ್ಮಕ್ಕ ಆ ಬಣ್ಣ ಭಾಳ ಉರೀತೈತಿ. ನಾ ಏನ ಮಾಡ್ತೀನಂದ್ರ ಬಣ್ಣಕ್ಕ ನಾಕೈದ ದಿನ ಮೊದಲ ಜೆಲ್ ಬಿಡ್ತೀನಿ, ಬಣ್ಣದ ದಿನ ಮಾರಿಗೆ ದಪ್ಪಗ ವ್ಯಾಸಲೀನ್ ಹಚ್ಚಗೊಂಡ ಹೊರಗ ಹೋಗ್ತೀನಿ, ಬಂದ ಮ್ಯಾಲ ಸೀಮಿ ಎಣ್ಣಿ, ಲಿಂಬಿ ಹಣ್ಣು, ಬಟ್ಟಿ ಸೋಪ್ ಯಾವುದೂ ಇಲ್ದ ಮೆತ್ತಗ ಎರಡ ಸರ್ತಿ ತೊಳೀತೀನಿ, ಉಳಿದ ಬಣ್ಣ ತಾನಾಗೇ ಎರಡ ದಿನದಾಗ ಹೋಗತೈತಿ, ಚರ್ಮ ಶಾಂತ ಆದ ಮ್ಯಾಲ ಜೆಲ್ ಮತ್ತ ಶುರು.

ಪಾರ್ಲರಿನ್ಯಾಗ ಮ್ಯಾಲ ತುಟಿಗೆ ವ್ಯಾಕ್ಸ್ ಮಾಡಿಸೋರು ಒಂದ ವಾರ ಮೊದಲ ಅಲ್ಲಿ ಜೆಲ್ ಬಿಡ್ರಿ, ಇಲ್ಲಂದ್ರ ವ್ಯಾಕ್ಸಿನ ಜೋಡಿ ಚರ್ಮನೂ ಎದ್ದ ಬರತೈತಿ. ಜೆಲ್ ಹಚ್ಚೋ ದಿನಗಳಾಗ ಬ್ಲೀಚ್, ಫೇಶಿಯಲ್ ಬ್ಯಾಡ. ಗಂಡ ಹುಡುಗರು ದಾಡಿ ಮಾಡಿಸಿದ ಕೂಡ್ಲೆ ಹಚ್ಚಬ್ಯಾಡ್ರಿ, ಅಂಗಡಿಯಾಗ ಪಟಕದ ಕಲ್ಲ ತಿಕ್ಕಿ ಮ್ಯಾಲ ಲೋಶನ್ ಹೊಡೀತಾರ, ಅವತ್ತ ರಾತ್ರಿ ಜೆಲ್‌ಗೆ ರಜಾ ಕೊಡ್ರಿ.

ಯಾವುದರ ಜೋಡಿ ಯಾವುದು ಬ್ಯಾಡ

ಮನೀ ಔಷಧ ಎಲ್ಲಾ ನಿಲ್ಲಿಸ್ರಿ. ಲಿಂಬಿ ಹಣ್ಣಿನ ರಸ, ತಿನ್ನೋ ಸೋಡಾ, ಟೂತ್‌ಪೇಸ್ಟ್, ಕಡ್ಲಿ ಹಿಟ್ಟ ಹಚ್ಚಿ ತಿಕ್ಕೋದು, ಎಲ್ಲಾ. ಒಂದ ಕಡೆ ಜೆಲ್ ಚರ್ಮದ ಮ್ಯಾಲಿನ ಪದರ ತೆಳ್ಳಗ ಮಾಡಾಕತ್ತಿರತೈತಿ, ಇನ್ನೊಂದ ಕಡೆ ನೀವು ಲಿಂಬಿ ಹಿಂಡಿದ್ರ ಹೆಂಗ? ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್, ವಿಟಮಿನ್ ಸಿ ಸೀರಮ್ ಇಂಥಾವನ್ನೂ ಡಾಕ್ಟರ್ ಕೇಳಲಾರದ ಸೇರಸಬ್ಯಾಡ್ರಿ. ವಿಡಿಯೋದಾಗ ಅಮೆರಿಕಾದವರು ಇದ ಅಡಾಪಲೀನನ್ನ ಅಂಗಡಿಯಾಗ ಸೋಪ್ ತಗೊಂಡಂಗ ತಗೊಂಡು ಐದ ಥರದ್ದು ಮ್ಯಾಲಿಂದ ಮ್ಯಾಲ ಹಚ್ಚೋದು ತೋರಸ್ತಾರ, ಅಲ್ಲಿ 2016ರಿಂದ 0.1 ಜೆಲ್ ಚೀಟಿ ಇಲ್ದ ಸಿಗತೈತಿ, ನಮ್ಮಲ್ಲಿ ಚೀಟಿ ಮ್ಯಾಲ ಕೊಡೋ ಔಷಧ, ನಿಮ್ಮ ಚರ್ಮ ನೋಡಿದೋರು ನಿಮ್ಮ ಡಾಕ್ಟರ್, ವಿಡಿಯೋದವರಲ್ಲ.

ಬೆಂಜಾಯಿಲ್ ಪೆರಾಕ್ಸೈಡ್ ಇದ್ದೋರು ಅರಬಿ ಜ್ವಾಪಾನ. ಅದು ಬಣ್ಣ ತಿಂತೈತಿ, ತಲಿದಿಂಬಿನ ಚೀಲ, ಟವೆಲ್, ನೈಟಿ ಕೊರಳು, ಕೂದಲಿಗೆ ಹತ್ತಿದ್ರ ಕೂದಲಾನೂ. ನಮ್ಮ ಅವ್ವ ಇಳಕಲ್ ಸೀರಿ ಮಡಚಿ ತಲಿ ಕೆಳಗ ಇಟ್ಟಿದ್ಲು, ನಾ ಗೊತ್ತಿಲ್ದ ಅದರ ಮ್ಯಾಲ ಗಲ್ಲ ಇಟ್ಟ ಮಲಗಿದ್ದೆ, ಮುಂಜಾನಿ ನೋಡಿದ್ರ ಕೆಂಪ ಸೆರಗಿನ ಮ್ಯಾಲ ಅಂಗೈ ಅಗಲ ಕಿತ್ತಳಿ ಬಣ್ಣದ ಕಲೆ, ಎಷ್ಟ ಒಗದ್ರೂ ಹೋಗ್ಲಿಲ್ಲ, ಹೋಗೂದೂ ಇಲ್ಲ, ಅದು ಹತ್ತಿದ ಕಲೆ ಅಲ್ಲ, ಹೋದ ಬಣ್ಣ. ಬಿಳೀ ದಿಂಬಿನ ಚೀಲ, ಬಿಳೀ ಟವೆಲ್ ಇಟ್ಕೊಳ್ರಿ. ಟ್ರೆಟಿನಾಯಿನ್ ಮತ್ತ ಬೆಂಜಾಯಿಲ್ ಪೆರಾಕ್ಸೈಡ್ ಎರಡೂ ಬ್ಯಾರೆ ಬ್ಯಾರೆ ಟ್ಯೂಬ್ ಕೊಟ್ಟಿದ್ರ ಒಂದ ಹೊತ್ತಿಗೆ ಹಚ್ಚಬ್ಯಾಡ್ರಿ, ಪೆರಾಕ್ಸೈಡ್ ಟ್ರೆಟಿನಾಯಿನ್ನನ್ನ ಕೆಡಸತೈತಿ, ಮುಂಜಾನಿ ಒಂದು ರಾತ್ರಿ ಒಂದು ಅಂತ ಡಾಕ್ಟರ್ ಹೇಳತಾರ. ಅಡಾಪಲೀನ್‌ಗೆ ಆ ತೊಂದರಿ ಇಲ್ಲ, ಅದಕ್ಕ ಎರಡೂ ಒಂದ ಟ್ಯೂಬಿನ್ಯಾಗ ಸೇರಿಸಿ ಬರತೈತಿ.

ಕ್ಲಿಂಡಾಮೈಸಿನ್ ಒಂದನ್ನ ತಿಂಗಳಗಟ್ಟಲೆ ಹಚ್ಚಗೋತ ಹೋಗಬ್ಯಾಡ್ರಿ. ಆಂಟಿಬಯಾಟಿಕ್ ಒಂದ ಹಚ್ಚಿದ್ರ ಬ್ಯಾಕ್ಟೀರಿಯಾ ಅದಕ್ಕ ಒಗ್ಗಿ ಆಮ್ಯಾಗ ಔಷಧ ನಾಟೂದಿಲ್ಲ, ಅದಕ್ಕ ಬೆಂಜಾಯಿಲ್ ಪೆರಾಕ್ಸೈಡ್ ಜೋಡಿ ಕೊಡತಾರ, ಹನ್ನೆರಡ ವಾರದ ಆಸುಪಾಸಿಗೆ ನಿಲ್ಲಸ್ತಾರ. ಹಳೇ ಚೀಟಿ ತೋರಿಸಿ ಮತ್ತ ಮತ್ತ ತರಬ್ಯಾಡ್ರಿ. ಹಚ್ಚೋ ದಿನಗಳಾಗ ನೀರಿನಂಗ ಭೇದಿ ಹತ್ತಿ ನಿಲ್ಲಲಿಲ್ಲಂದ್ರ, ರಕ್ತ ಬಿದ್ರ, ಅಪರೂಪ ಆದ್ರೂ ಜೆಲ್ ನಿಲ್ಲಿಸಿ ಡಾಕ್ಟರ್‌ಗೆ ಹೇಳ್ರಿ.

ಊಟದ ಬಗ್ಗೆ ಭಾಳ ಕೇಳತಾರ. ಶೇಂಗಾ ತಿನಬ್ಯಾಡ, ಖಾರ ತಿನಬ್ಯಾಡ ಅಂತಾರ, ನಾ ಒಂದ ವರ್ಷ ಶೇಂಗಾ ಹಿಂಡಿ ಬಿಟ್ಟಿದ್ದೆ, ಒಂದ ಮೊಡವಿನೂ ಕಡಿಮಿ ಆಗ್ಲಿಲ್ಲ. ತಲಿಗೆ ಎಣ್ಣಿ ಹಾಕ್ಕೊಂಡು ಅದು ಹಣಿಗೆ ಇಳಿಯೋದನ್ನ ತಡೀರಿ, ಅದರಿಂದ ಹಣಿ ಅಂಚಿಗೆ ಗುಳ್ಳಿ ಬರೋದು ಖರೇ. ಎಣ್ಣಿ ಹಚ್ಚಿದ ದಿನ ಕೂದಲ ಮ್ಯಾಲ ಕಟ್ಟಿ ಮಲಗ್ರಿ.

ಟ್ಯೂಬ್ ಇಡೋದು ಎಲ್ಲಿ, ನಿಲ್ಲಿಸೋದು ಯಾವಾಗ

ಟ್ಯೂಬಿನ ಮ್ಯಾಲ 25 ಇಲ್ಲಾ 30 ಡಿಗ್ರಿ ಒಳಗ ಇಡ್ರಿ ಅಂತ ಇರತೈತಿ. ನಮ್ಮ ಪತ್ರಾಸ್ ಮನಿಯಾಗ ಬ್ಯಾಸಗಿ ಮಧ್ಯಾಹ್ನ ಎಷ್ಟ ಕಾಯತೈತಿ ನಿಮಗ ಗೊತ್ತು. ಕಿಟಕಿ ಕಟ್ಟಿ ಮ್ಯಾಲ, ಸ್ಕೂಟಿ ಡಿಕ್ಕಿಯಾಗ ಇಡಬ್ಯಾಡ್ರಿ, ಮನಿಯಾಗ ಎಲ್ಲಕ್ಕಿಂತ ತಂಪ ಜಾಗಾದಾಗ, ಸಣ್ಣ ಹುಡುಗರ ಕೈಗೆ ಸಿಗಲಾರದಂಗ ಇಡ್ರಿ. ಇನ್ನೊಬ್ಬರಿಗೆ ನಿಮ್ಮ ಟ್ಯೂಬ್ ಕೊಡಬ್ಯಾಡ್ರಿ, ಎಷ್ಟ ಹತ್ತರದವರಿದ್ರೂ. ನಮ್ಮ ಕಾಕು ಮಗಳಿಗೆ ಆ ಮದವಿ ಟ್ಯೂಬ್ ನನ್ನಿಂದ ಹೋತು ಅನ್ನೋದು ನನಗ ಇವತ್ತಿಗೂ ಚುಚ್ಚತೈತಿ, ಆಕಿ ಗಲ್ಲ ಸರಿ ಆಗಾಕ ನನಗಿಂತ ಜಾಸ್ತಿ ದಿನ ಹಿಡೀತು.

ಮೂರ ತಿಂಗಳ ಸರಿಯಾಗಿ ಹಚ್ಚಿದ್ರೂ ಫರಕ ಇಲ್ಲಂದ್ರ, ಇಲ್ಲಾ ಚರ್ಮದ ಒಳಗ ಗಂಟಿನಂಗ ದೊಡ್ಡ ನೋವಿನ ಮೊಡವಿ ಏಳಾಕತ್ತಿದ್ರ, ಹೋದಲ್ಲಿ ತಗ್ಗ ಬೀಳಾಕತ್ತಿದ್ರ ಜೆಲ್ ಒಂದ ಸಾಕಾಗೂದಿಲ್ಲ, ತಡ ಮಾಡಲಾರದ ಚರ್ಮದ ಡಾಕ್ಟರ್ ಕಡೆ ಹೋಗ್ರಿ, ಗುಳಗಿ ಬೇಕಾಗಬಹುದು. ತಗ್ಗ ಒಮ್ಮೆ ಬಿತ್ತಂದ್ರ ತುಂಬೋದು ಕಷ್ಟ. ಗುಳಗಿಯೊಳಗ ಐಸೋಟ್ರೆಟಿನಾಯಿನ್ ಕೊಟ್ರ ಹೆಣಮಕ್ಕಳು ಬಸರಾಗಲಾರದಂಗ ಗಟ್ಟಿ ಜ್ವಾಪಾನ ಮಾಡಬೇಕು, ಹೊಟ್ಟಿಯೊಳಗಿನ ಕೂಸಿಗೆ ಭಾಳ ದೊಡ್ಡ ಪೆಟ್ಟ ಬೀಳತೈತಿ, ಅದರ ಬಗ್ಗೆ ಡಾಕ್ಟರ್ ಹೇಳಿದ ಒಂದ ಮಾತೂ ಬಿಡಬ್ಯಾಡ್ರಿ.

ಮಾರಿ ತಿಳಿ ಆತಂದ್ರ ಅವತ್ತ ಟ್ಯೂಬ್ ಒಗಿಯೋದಲ್ಲ, ಬಿಟ್ರ ಮತ್ತ ಬರತಾವ. ಡಾಕ್ಟರ್‌ನ ಕೇಳಿ ಸಾವಕಾಶ ಕಡಿಮಿ ಮಾಡ್ರಿ. ನಾ ಈಗ ವಾರಕ್ಕ ಎರಡ ಸರ್ತಿ ಹಚ್ಚತೀನಿ, ಮಂಗಳವಾರ ಮತ್ತ ಶನಿವಾರ ರಾತ್ರಿ. ನಮ್ಮ ಮಾವಶಿ ಮಗಳಿಗೂ ಸೋಮವಾರ, ಬುಧವಾರ, ಶುಕ್ರವಾರ ಅಂತ ಹಾಸ್ಟೆಲ್ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿಗೆ ಪೆನ್ನಿಲೆ ಗುಂಡ ಹಾಕಿಸೀನಿ, ನಿನ್ನಿ ರಾತ್ರಿ ಬೊಟ್ಟಿನ ತುದಿ ಮ್ಯಾಲ ಜೆಲ್ ಹಿಂಡಿ ಫೋಟೋ ಕಳಿಸಿ "ಇಷ್ಟ ಸಾಕೇನಕ್ಕಾ" ಅಂದ್ಲು. ಅದರಾಗ ಅರ್ಧ ತಗೀ ಅಂದೆ.